ಜಾಗಟೆ ಹಿಡಿದ ಕೈ

ಕೊಯ್ಲಾದ ಗದ್ದೆಯಲ್ಲಿ ಡೇರೆ ಎದ್ದಿದೆ. ಬದುವಿನ ಮೇಲೆ ಟಾರ್ಚು ಹಿಡಿದು ಬರುವವರ ಸಾಲು ಇನ್ನೂ ಮುಗಿದಿಲ್ಲ. ನೀವು ಟಿಕೆಟು ಹರಿಸಿಕೊಂಡು ಒಳಗೆ ಬರುತ್ತೀರಿ. ಮುಂದೆ ಕುರ್ಚಿ, ಹಿಂದೆ ನೆಲ. ಹೊರಗಿನ ಅಂಗಡಿಯಿಂದ ಗೋಳಿಬಜೆ ಕರಿಯುವ ವಾಸನೆ ಪರದೆಯ ಸಂದಿಯಲ್ಲಿ ನುಗ್ಗಿ ಬರುತ್ತಿದೆ. ಚಂಡೆಯ ಕೇಳಿ ಆಗಲೇ ಎರಡು ಊರು ದಾಟಿ ಹೋಗಿರಬೇಕು. ಬಂದವರಲ್ಲಿ ಅರ್ಧ ಜನ ಆ ಸದ್ದಿನ ಜಾಡು ಹಿಡಿದೇ ಬಂದವರು.

ಇದು 1980ರ ದಶಕ, ದಕ್ಷಿಣ ಕನ್ನಡದ ಯಾವುದೋ ಒಂದು ಊರು. ಇಂಥದ್ದೇ ರಾತ್ರಿ ಎಂದು ತಾರೀಕು ಹೇಳುವುದು ಬೇಡ. ದೀಪಾವಳಿ ಕಳೆದು ಹೊರಟ ಯಕ್ಷಗಾನ ಮೇಳ ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ತಿರುಗಾಟದ ತುಂಬ ಇಂಥ ರಾತ್ರಿಗಳೇ. ಊರು ಬದಲಾಗುತ್ತದೆ, ಗದ್ದೆ ಬದಲಾಗುತ್ತದೆ, ಪ್ರಸಂಗ ಬದಲಾಗುತ್ತದೆ. ಬದಲಾಗದ್ದು ರಂಗಸ್ಥಳದ ಹಿಂಬದಿಯಲ್ಲಿ ಎತ್ತರದಲ್ಲಿ ಹಾಕಿದ ಆ ಆಸನ. ಪದ್ಯ ಹೇಳಿ ಆಟ ನಡೆಸುವ ಭಾಗವತರದ್ದು.

ಪೂರ್ವರಂಗ ನಡೆಯುತ್ತಿದೆ. ಹಾಡುತ್ತಿರುವವನು ಹುಡುಗ, ಕಲಿಯುತ್ತಿರುವವನು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಒಂದೊಂದಾಗಿ ಬಂದು ಕುಣಿದು ಹೋಗುವ ಈ ಹೊತ್ತು ಅಂಥವರಿಗಾಗಿಯೇ ಇರುವುದು. ಸಭೆಯೂ ಇನ್ನೂ ನೆಟ್ಟಗೆ ಕುಳಿತಿಲ್ಲ. ಯಾರೋ ಮಗುವಿಗೆ ಕಂಬಳಿ ಹೊದಿಸುತ್ತಿದ್ದಾರೆ, ಯಾರೋ ಎಲೆಯಡಿಕೆ ಸುತ್ತುತ್ತಿದ್ದಾರೆ. ತಾಳ ಒಂದೆರಡು ಕಡೆ ಜಾರಿದರೂ ಮದ್ದಳೆಯವರು ಎತ್ತಿ ನಿಲ್ಲಿಸುತ್ತಾರೆ. ಹುಡುಗನ ಕಣ್ಣು ಮದ್ದಳೆಯವರ ಕೈಯ ಮೇಲೆಯೇ ಇದೆ.

ಆಮೇಲೆ ಹಿಮ್ಮೇಳ ಬದಲಾಗುತ್ತದೆ. ಹುಡುಗ ಎದ್ದು ಜಾಗ ಬಿಡುತ್ತಾನೆ. ಹೊಸ ಚಂಡೆಯವರು ಬಂದು ಹಗ್ಗ ಬಿಗಿದು ನೋಡುತ್ತಾರೆ. ಹಾರ್ಮೋನಿಯಂನ ಶ್ರುತಿ ಒಂದು ಮನೆ ಆಚೆಗೆ ಹೋಗುತ್ತದೆ. ಸೀರೆಯುಟ್ಟ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ನಮಸ್ಕರಿಸಿ, ಆ ಆಸನದಲ್ಲಿ ಕುಳಿತು, ಜಾಗಟೆ ಎತ್ತಿಕೊಳ್ಳುತ್ತಾರೆ.

ನಿಮ್ಮ ಪಕ್ಕದ ಕುರ್ಚಿಯವರು ಮುಂದಕ್ಕೆ ಬಾಗುತ್ತಾರೆ.

"ಪದ ಹೇಳುವುದು ಯಾರು ಮಾರಾಯ್ರೆ? ಹೆಂಗಸರಲ್ವಾ?"

"ಹೌದು. ಲೀಲಾವತಿ ಬೈಪಾಡಿತ್ತಾಯ ಅಂತ. ಹಿಮ್ಮೇಳಕ್ಕೆ ಇರುವುದು ಅವರ ಯಜಮಾನ್ರು."

"ಬೆಳಗಿನವರೆಗೂ?"

ಆ ಕೊನೆಯ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಜಾಗಟೆಗೆ ಕೋಲು ಬಿದ್ದಾಗಿದೆ.

ಇಲ್ಲಿಂದ ನೋಡಿದರೆ ಅವರ ಎರಡು ಕೈಯೂ ಕಾಣುತ್ತವೆ. ಎಡಗೈಯಲ್ಲಿ ದಾರದಿಂದ ತೂಗುವ ಕಂಚಿನ ಜಾಗಟೆ, ಬಲಗೈಯಲ್ಲಿ ಕೋಲು. ಹಾಡುವವರ ಕೈ ಖಾಲಿ ಇದ್ದರೆ ರಾಗದ ಏರಿಳಿತವನ್ನು ಗಾಳಿಯಲ್ಲಿ ಬರೆದುಕೊಂಡು ಹೋಗಬಹುದು. ಭಾಗವತರಿಗೆ ಆ ಸುಖವಿಲ್ಲ. ಕೈ ತಾಳಕ್ಕೆ, ಕಣ್ಣು ವೇಷಧಾರಿಗೆ, ಕಿವಿ ಅರ್ಥಗಾರಿಕೆಗೆ, ಕಂಠ ಪದ್ಯಕ್ಕೆ. ಎದುರಿಗೆ ಪ್ರಸಂಗದ ಪುಸ್ತಕ ತೆರೆದಿರುತ್ತದೆ, ಅದನ್ನು ನೋಡಲು ಕಣ್ಣಿಗೆ ಬಿಡುವಿಲ್ಲ. ಮೇಳದವರು ಭಾಗವತರನ್ನು ಮೊದಲನೇ ವೇಷ ಅನ್ನುವುದು ಗೌರವಕ್ಕೆ ಆಡುವ ಮಾತಲ್ಲ. ಬಣ್ಣ ಹಚ್ಚದ, ಕುಣಿಯದ ಆ ವೇಷ ರಾತ್ರಿಯಿಡೀ ರಂಗದ ಮೇಲೆಯೇ ಇರುತ್ತದೆ. ಉಳಿದವು ಬಂದು ಹೋಗುತ್ತವೆ.

ಈ ರಾತ್ರಿ ಅಭಿಮನ್ಯು ಕಾಳಗ. ಕೌರವನ ಒಡ್ಡೋಲಗ. ಕಿರೀಟವೇಷ ತೆರೆ ಸರಿಸಿಕೊಂಡು ಬರುತ್ತದೆ. ಹೆಜ್ಜೆಗೆ ಚಂಡೆ ಕೂಡಿ, ಕುಣಿತ ಬಿಡ್ತಿಗೆ ಮುಟ್ಟಿ, ಮುಕ್ತಾಯವಾಗುವ ಕ್ಷಣಕ್ಕೆ ಸರಿಯಾಗಿ ಪದ್ಯ ಏಳುತ್ತದೆ. ಮೈಕಿನಲ್ಲಿ ಹೊರಟ ಆ ಸ್ವರ ಡೇರೆಯ ಬಟ್ಟೆಗೆ ತಾಗಿ ಹಿಂದಿನ ನೆಲದವರೆಗೂ ಬರುತ್ತದೆ. ಕಂಬಳಿ ಹೊದಿಸುತ್ತಿದ್ದವರ ಕೈ ಅಲ್ಲಿಗೇ ನಿಲ್ಲುತ್ತದೆ.

ಶಾಸ್ತ್ರೀಯ ಸಂಗೀತದ ಅಭ್ಯಾಸ ಇರುವವರಿಗೆ ಒಂದು ಗಳಿಗೆಯಲ್ಲೇ ತಿಳಿಯುತ್ತದೆ, ಈ ಕಂಠ ಸ್ವರಸ್ಥಾನ ಬಲ್ಲದ್ದು ಎಂದು. ಲೀಲಾವತಿ ಅವರು ಹುಟ್ಟಿದ್ದು 1947ರಲ್ಲಿ, ಕಾಸರಗೋಡಿನ ಮಧೂರಿನಲ್ಲಿ. ಗಣಪತಿಯ ದೇವಸ್ಥಾನ, ಎದುರಿಗೆ ಹರಿಯುವ ಮಧುವಾಹಿನಿ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1956ರ ರಾಜ್ಯ ವಿಂಗಡಣೆಯಲ್ಲಿ ಗಡಿ ಆಚೆಗೆ ಹೋಯಿತು, ಯಕ್ಷಗಾನ ಹೋಗಲಿಲ್ಲ. ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಅಲ್ಲಿಂದ ದೂರವಿಲ್ಲ. ಆ ಮಣ್ಣಿನಲ್ಲಿ ಬೆಳೆದೂ ಹುಡುಗಿಗೆ ಮೊದಲು ಸಿಕ್ಕಿದ್ದು ಶಾಸ್ತ್ರೀಯ ಸಂಗೀತ. ಹೆಣ್ಣುಮಕ್ಕಳು ಆಟ ನೋಡಬಹುದಿತ್ತು, ಅಲ್ಲಿ ಪದ ಹೇಳುವ ಯೋಚನೆ ಯಾರಿಗೂ ಬರುವಂತಿರಲಿಲ್ಲ. ಯಕ್ಷಗಾನದ ಪಾಠ ಆದದ್ದು ಮದುವೆಯ ನಂತರ. ಕೈಹಿಡಿದವರು ಹರಿನಾರಾಯಣ ಬೈಪಾಡಿತ್ತಾಯರು, ಚಂಡೆ ಮದ್ದಳೆ ಎರಡರಲ್ಲೂ ನುರಿತವರು. ಗಂಡನೇ ಗುರು. ಅದೇ ಗುರು ರಂಗದಲ್ಲಿ ಪಕ್ಕದಲ್ಲಿ ಹಿಮ್ಮೇಳಕ್ಕೆ. ಕಲಿಸಿದವರ ಎದುರಿಗೆ, ಅವರ ಪೆಟ್ಟಿನ ಮೇಲೆಯೇ ಕಲಿತದ್ದನ್ನು ಒಪ್ಪಿಸಬೇಕು, ರಾತ್ರಿ ರಾತ್ರಿ.

ರಾಗ ಬಲ್ಲವರಿಗೆ ಯಕ್ಷಗಾನ ಸುಲಭ ಎಂದುಕೊಳ್ಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಲಿತ ಸಂಗೀತದಲ್ಲಿ ಎಷ್ಟನ್ನು ಬಿಟ್ಟುಕೊಡಬೇಕು ಎಂಬುದೇ ಅಲ್ಲಿಯ ದೊಡ್ಡ ಕಲಿಕೆ. ಕಛೇರಿಯಲ್ಲಿ ಕಾಂಭೋಜಿಯನ್ನು ಅರ್ಧ ಗಂಟೆ ಬೆಳೆಸಬಹುದು. ಇಲ್ಲಿ ವೇಷಧಾರಿ ಒಂಟಿ ಕಾಲಲ್ಲಿ ಕಾಯುತ್ತಿದ್ದಾನೆ. ಪದ್ಯದ ಮೊದಲ ಎರಡು ಅಕ್ಷರದಲ್ಲೇ ಕಾಂಭೋಜಿ ಎಂದು ತಿಳಿಯಬೇಕು, ಮೂರನೆಯ ಅಕ್ಷರಕ್ಕೆ ಮಾತು ಕಿವಿಗೆ ಮುಟ್ಟಬೇಕು. ಗಮಕ ಸಾಹಿತ್ಯವನ್ನು ನುಂಗಬಾರದು. ಆ ಪದ್ಯದ ಮಾತನ್ನು ಹಿಡಿದುಕೊಂಡೇ ವೇಷಧಾರಿ ಮುಂದೆ ಹತ್ತು ನಿಮಿಷ ಅರ್ಥ ಹೇಳಬೇಕಾಗಿದೆ. ಅವನಿಗೆ ಕೇಳಿಸದಿದ್ದರೆ ಸಭೆಗೂ ಕೇಳಿಸುವುದಿಲ್ಲ.

ಈಗ ಕೌರವ ಅರ್ಥ ಹೇಳುತ್ತಿದ್ದಾನೆ. ದ್ರೋಣರನ್ನು ಕೆಣಕುತ್ತಿದ್ದಾನೆ. ಸಭೆಯ ಕಣ್ಣೆಲ್ಲ ಅಲ್ಲಿ. ನೀವು ಒಮ್ಮೆ ಮೇಲೆ ನೋಡಿ. ಭಾಗವತರು ಸುಮ್ಮನೆ ಕುಳಿತಿಲ್ಲ. ಮಾತಿನ ಮಧ್ಯೆ ತಕ್ಕ ಕಡೆ ಸಣ್ಣ ಹೂಂಕಾರ, ಒಂದು ಪ್ರಶ್ನೆ, ಒಂದು ಮೆಚ್ಚುಗೆ. ಅದು ವೇಷಧಾರಿಗೆ ಊರುಗೋಲು. ಮಾತು ಎಲ್ಲಿ ಮುಗಿಯುತ್ತದೆ ಎಂದು ಮುಂಚಿತವಾಗಿ ಬರೆದಿಟ್ಟದ್ದಿಲ್ಲ, ಎಲ್ಲ ಆಶು. ಕೊನೆಯ ಮಾತಿನ ಉಸಿರು ಇಳಿಯುವ ಮೊದಲೇ ಮುಂದಿನ ಪದ್ಯ ಹೊರಡಬೇಕು. ಬೇಗ ಎತ್ತಿದರೆ ಕಲಾವಿದನ ಬಾಯಿಯಿಂದ ಮಾತು ಕಸಿದುಕೊಂಡಂತೆ. ತಡವಾದರೆ ರಂಗ ತಣ್ಣಗಾಗುತ್ತದೆ. ಗಂಟೆ ನೋಡಿಕೊಂಡು ಪದ್ಯ ಬಿಡುವುದೂ ಅವರದೇ ಕೆಲಸ. ಪ್ರಸಂಗದಲ್ಲಿರುವ ಪದ್ಯಗಳನ್ನೆಲ್ಲ ಹೇಳಿದರೆ ಬೆಳಗಾದರೂ ಅಭಿಮನ್ಯು ವ್ಯೂಹದ ಬಾಗಿಲಿಗೆ ಬರುವುದಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ದಾಟಬೇಕು ಎಂಬುದು ರಂಗದ ಮೇಲೆಯೇ, ನಡೆಯುತ್ತಿರುವಾಗಲೇ ತೀರ್ಮಾನ.

ದ್ರೋಣನ ಪದ್ಯ ಬಂತು. ಸೇನಾಧಿಪತಿಯ ಪ್ರತಿಜ್ಞೆ. ಜಾಗಟೆಯ ಪೆಟ್ಟು ಬಿಗಿಯಾಗಿದೆ, ಸ್ವರ ನೇರವಾಗಿ ಮೇಲಿನ ಷಡ್ಜಕ್ಕೆ ಹೋಗಿ ಅಲ್ಲಿ ನಿಂತುಕೊಳ್ಳುತ್ತದೆ. ಪಕ್ಕದವರು ಮತ್ತೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾರೆ. ಮುದುಕ ಗುರುವಿನ ಸಿಟ್ಟು ಒಬ್ಬ ಹೆಂಗಸಿನ ಕಂಠದಲ್ಲಿ ಬರುತ್ತಿದೆ. ಇಷ್ಟು ಕಾಲ ಗಂಡಸಿನ ಕಂಠದಲ್ಲಿ ಸೀತೆ ಶೋಕಿಸಿದ್ದಾಳೆ, ದ್ರೌಪದಿ ಮೊರೆಯಿಟ್ಟಿದ್ದಾಳೆ, ಮೀಸೆ ಬೋಳಿಸಿದ ಗಂಡಸರು ಸೀರೆಯುಟ್ಟು ಅದಕ್ಕೆ ಕುಣಿದಿದ್ದಾರೆ. ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಭಾಗವತರ ಕಂಠ ಎಲ್ಲ ಪಾತ್ರಗಳಿಗೂ ಸೇರಿದ್ದು. ಆ ನ್ಯಾಯವನ್ನು ಒಪ್ಪಿದ ಮೇಲೆ ದ್ರೋಣನಿಗೆ ಈ ಕಂಠ ಸಲ್ಲದು ಎನ್ನಲು ಯಾವ ಆಧಾರವೂ ಉಳಿಯುವುದಿಲ್ಲ. ವಾದ ಮಾಡಿ ಇದನ್ನು ಒಪ್ಪಿಸಲು ಸಾಧ್ಯವಿರಲಿಲ್ಲ ಎಂದೂ ಅನ್ನಿಸುತ್ತದೆ. ಹೇಳಿ ತೋರಿಸಬೇಕಿತ್ತು, ಟಿಕೆಟು ಕೊಟ್ಟು ಬಂದ ಜನರ ಎದುರಿಗೆ.

ಕಂಠದ ವಿಷಯ ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಮೈಕು ಬರುವ ಮೊದಲು ಬಯಲಿನಲ್ಲಿ ಚಂಡೆಯ ಮೇಲೆ ಕೇಳಿಸಬೇಕಾದರೆ ಭಾಗವತರು ತಮ್ಮ ಧ್ವನಿಯ ಮೇಲಿನ ತುದಿಯಲ್ಲೇ ಹಾಡಬೇಕಿತ್ತು. ಹಾರ್ಮೋನಿಯಂನ ಮನೆ ಹಿಡಿದು ಶ್ರುತಿಯನ್ನು ಕಪ್ಪು ಎರಡು, ಕಪ್ಪು ಮೂರು, ಕಪ್ಪು ನಾಲ್ಕು ಎಂದು ಕರೆಯುತ್ತಾರೆ. ಮೂರು ನಾಲ್ಕು ಎಂದರೆ ಸಾಧಾರಣ ಗಂಡು ಕಂಠ ಮಾತಾಡುವ ಜಾಗದಿಂದ ಬಹಳ ಮೇಲೆ. 2023ರಲ್ಲಿ ತೀರಿಹೋದ ಬಲಿಪ ನಾರಾಯಣ ಭಾಗವತರು ಕಟೀಲು ಮೇಳದಲ್ಲಿ ದಶಕಗಟ್ಟಲೆ ಆ ಎತ್ತರದಲ್ಲಿ ಪದ ಹೇಳಿದವರು. ಅವರ ಸ್ವರ ದೂರದಿಂದ ಬರುತ್ತಿದ್ದರೂ ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಮೈಕು ಬಂದ ಮೇಲೂ ಆ ರುಚಿ ಉಳಿಯಿತು. ಯಕ್ಷಗಾನದ ಈ ತೆಂಕಣ ಶೈಲಿಯ, ತೆಂಕುತಿಟ್ಟಿನ, ಕಿವಿಗೆ ಭಾಗವತಿಕೆ ಎಂದರೆ ಎಳೆದು ಬಿಗಿದ ಗಂಡು ಕಂಠ.

ಅದೇ ಶ್ರುತಿಗೆ ಹೆಣ್ಣು ಕಂಠ ಬಂದರೆ ಲೆಕ್ಕ ಬೇರೆಯಾಗುತ್ತದೆ. ಗಂಡಸಿಗೆ ಆಯಾಸದ ಎತ್ತರ ಯಾವುದೋ ಅದು ಹೆಣ್ಣಿಗೆ ಸಹಜವಾದ ನಡುಜಾಗ. ಮೇಲಕ್ಕೆ ಹೋಗುವುದು ಅಷ್ಟು ಕಷ್ಟವಲ್ಲ. ಕೆಳಗಿನ ಸ್ವರಗಳಲ್ಲಿ ತೂಕ ಇಡುವುದು ಕಷ್ಟ. ಬಣ್ಣದ ವೇಷದ ಅಬ್ಬರಕ್ಕೆ, ರಾಕ್ಷಸನ ಗತ್ತಿಗೆ ಕೆಳಗಿನ ಸ್ವರ ಗಟ್ಟಿಯಾಗಿರಬೇಕು. ಶ್ರುತಿ ಏರಿಸೋಣವೆಂದರೆ ಮದ್ದಳೆ ಆ ಶ್ರುತಿಗೆ ಕೂಡಬೇಕು, ವೇಷಧಾರಿಗಳ ಮಾತಿನ ದನಿ ಅದಕ್ಕೆ ಹೊಂದಬೇಕು. ಇಡೀ ಮೇಳ ಒಬ್ಬರ ಕಂಠಕ್ಕೆ ಹೊಂದಿಕೊಳ್ಳುವುದೂ, ಆ ಒಬ್ಬರು ಇಡೀ ಮೇಳಕ್ಕೆ ಹೊಂದಿಕೊಳ್ಳುವುದೂ ಒಟ್ಟಿಗೆ ನಡೆಯುವ ಕೆಲಸ. ಗಂಡಸಿನ ಹಾಗೆ ಕೂಗಿ ಹಾಡಲು ಹೊರಟಿದ್ದರೆ ಆ ಕಂಠ ಒಂದು ತಿರುಗಾಟಕ್ಕೆ ಮುಗಿದುಹೋಗುತ್ತಿತ್ತು. ಲೀಲಾವತಿ ಅವರು ವೃತ್ತಿ ಮೇಳಗಳಲ್ಲಿ ನಿಂತದ್ದು ಸುಮಾರು ಎರಡು ದಶಕ. ಅರುವ, ಕುಂಬಳೆ ಮುಂತಾದ ಮೇಳಗಳ ತಿರುಗಾಟ. ವೃತ್ತಿಪರ ಮೇಳದಲ್ಲಿ ಪದ ಹೇಳಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಮೊದಲಿಗರು ಎಂಬುದಕ್ಕಿಂತ ಆ ಎರಡು ದಶಕ ನನಗೆ ದೊಡ್ಡದಾಗಿ ಕಾಣುತ್ತದೆ. ಒಂದು ರಾತ್ರಿ ಕುತೂಹಲಕ್ಕೆ ಯಾರನ್ನಾದರೂ ಕೂರಿಸಬಹುದು. ಮರುವರ್ಷ ಮತ್ತೆ ವೀಳ್ಯ ಕೊಟ್ಟು ಕರೆಯಬೇಕಾದರೆ ಡೇರೆ ತುಂಬಿಸುವ ಕಂಠವೇ ಬೇಕು.

ಹನ್ನೆರಡು ದಾಟಿದೆ. ಅಭಿಮನ್ಯು ಬಂದಿದ್ದಾನೆ. ಪುಂಡುವೇಷ, ಹದಿನಾರರ ಹುಡುಗನ ಗೆಲುವು. ರಂಗಸ್ಥಳದ ಸುತ್ತ ಧೀಂಗಿಣ ಹಾಕುತ್ತಾನೆ; ಹಿಂದಿನ ನೆಲದಲ್ಲಿ ಹುಡುಗರು ಎಣಿಸುತ್ತಿದ್ದಾರೆ. ಚಂಡೆ ಅವನ ಜೊತೆಗೇ ಸುತ್ತುತ್ತಿದೆ. ಭಾಗವತರು ಜಾಗಟೆಯಲ್ಲಿ ಕಾಲ ಹಿಡಿದುಕೊಂಡು ಕಾಯುತ್ತಾರೆ, ಹುಡುಗನ ಉಸಿರು ಎಲ್ಲಿಯವರೆಗೆ ಇದೆ ಎಂದು ನೋಡುತ್ತಾರೆ, ಇನ್ನೊಂದು ಸುತ್ತು ಬೇಡ ಎನ್ನಿಸಿದ ಕಡೆ ಮುಕ್ತಾಯದ ಸೂಚನೆ ಕೊಡುತ್ತಾರೆ. ಹಿಮ್ಮೇಳ ಒಂದೇ ಪೆಟ್ಟಿಗೆ ನಿಲ್ಲುತ್ತದೆ. ಅಭಿಮನ್ಯುವಿನ ಎದೆ ಏರಿಳಿಯುತ್ತಿದೆ. ಅವನಿಗೆ ಸುಧಾರಿಸಿಕೊಳ್ಳಲು ಬೇಕಾದಷ್ಟು ಹೊತ್ತು ಪದ್ಯದ ಮೊದಲ ಸಾಲನ್ನು ಎರಡು ಸಲ, ಬೇಕಾದರೆ ಮೂರು ಸಲ ಹೇಳುತ್ತಾರೆ. ಸಭೆಗೆ ಅದು ರಾಗದ ಸೊಗಸು; ಅವನಿಗೆ ಉಸಿರು.

ಸುಭದ್ರೆ ಬರುತ್ತಾಳೆ. ಮಗನನ್ನು ಕಳುಹಿಸಲಾರಳು. ಸ್ತ್ರೀವೇಷದ ಕಲಾವಿದ ಸೆರಗು ಹಿಡಿದು ರಂಗದ ನಡುವೆ ಕುಳಿತಿದ್ದಾನೆ. ಜಾಗಟೆ ಕೆಳಗಿಟ್ಟು ಭಾಗವತರು ತಾಳ ಎತ್ತಿಕೊಂಡಿದ್ದಾರೆ. ಚಂಡೆ ಸುಮ್ಮನಾಗಿದೆ, ಮದ್ದಳೆ ಮಾತ್ರ, ಅದೂ ಬೆರಳ ತುದಿಯಲ್ಲಿ. ಏರು ಪದ್ಯಕ್ಕೆ ಕಿವಿ ತುಂಬಿಕೊಂಡ ಸಭೆಗೆ ಈ ಇಳಿ ಸ್ವರ ಒಮ್ಮೆಲೇ ಹತ್ತಿರ ಬಂದಂತೆ ಆಗುತ್ತದೆ. ಅಭಿಮನ್ಯು ಹಿಂದಿರುಗುವುದಿಲ್ಲ ಎಂಬುದು ಇಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ತಾಯಿಯ ಮಾತು, ಮಗನ ಮಾತು ಒಂದಾದ ಮೇಲೊಂದು, ಒಂದೇ ಕಂಠದಲ್ಲಿ. ಅವಳದ್ದಕ್ಕೆ ಒಂದು ನಡೆ, ಅವನದ್ದಕ್ಕೆ ಇನ್ನೊಂದು. ಅವಳು ಎಳೆಯುತ್ತಾಳೆ, ಅವನು ಕತ್ತರಿಸುತ್ತಾನೆ. ತಾಳ ಬದಲಾಯಿತು ಎಂದು ನಿಮಗೆ ತಿಳಿಯುವುದು ಅದು ಬದಲಾಗಿ ಎರಡು ಆವರ್ತ ಕಳೆದ ಮೇಲೆ.

ನಡುರಾತ್ರಿ ಕಳೆದ ಮೇಲೆ ಒಂದು ಹೊತ್ತು ಬರುತ್ತದೆ, ಎರಡೂವರೆ ಮೂರರ ಸುಮಾರಿಗೆ. ಡೇರೆಯೊಳಗೆ ಮಂಜು ಇಳಿಯುತ್ತದೆ. ತಲೆಗಳು ತೂಗತೊಡಗುತ್ತವೆ. ಚೌಕಿಯಲ್ಲಿ ಬಣ್ಣ ಹಚ್ಚಿ ಕುಳಿತವರೂ ಕಣ್ಣು ಮುಚ್ಚಿದ್ದಾರೆ. ನಿದ್ದೆ ಮಾಡಬಾರದವರು ರಂಗದಲ್ಲಿ ಹಿಮ್ಮೇಳದ ನಾಲ್ಕೈದು ಜನ ಮಾತ್ರ. ಯಾರೋ ಒಂದು ಲೋಟ ಚಹಾ ತಂದು ಆಸನದ ಬದಿಗೆ ಇಡುತ್ತಾರೆ. ಆರಿಹೋಗುವ ಮೊದಲು ಕುಡಿಯಲು ಸಮಯ ಸಿಕ್ಕಿದರೆ ಅದೃಷ್ಟ.

ಈ ಹೊತ್ತಿಗೆ ಆ ಆಸನದಲ್ಲಿ ಕುಳಿತವರ ಮನೆಯ ವಿಚಾರವೂ ಮನಸ್ಸಿಗೆ ಬಾರದೆ ಇರದು. ಮೇಳವೆಂದರೆ ಗಂಡಸರ ಲೋಕ. ಚೌಕಿಯಲ್ಲಿ ಗಂಡಸರು, ಲಾರಿಯಲ್ಲಿ ಗಂಡಸರು, ಹಗಲು ಯಾವುದೋ ಶಾಲೆಯ ಜಗಲಿಯಲ್ಲೋ ಯಾರದೋ ಮನೆಯ ಚಾವಡಿಯಲ್ಲೋ ಚಾಪೆ ಹಾಸಿ ಮಲಗುವವರೂ ಗಂಡಸರು. ಸ್ನಾನಕ್ಕೆ ಕೆರೆ, ತೋಡು. ಈ ಏರ್ಪಾಡಿನಲ್ಲಿ ಒಬ್ಬ ಹೆಂಗಸಿಗೆ ಜಾಗ ಇರಲಿಲ್ಲ. ಜಾಗ ಇರಬೇಕೆಂದು ಯಾರೂ ಯೋಚಿಸಿರಲೂ ಇಲ್ಲ. ಮನೆಯಲ್ಲಿ ಮಕ್ಕಳು. ರಾತ್ರಿ ಹೊರಟು ಬೆಳಗ್ಗೆ ಮುಟ್ಟಿ, ಒಲೆ ಹಚ್ಚಿ, ಸಂಜೆಗೆ ಮತ್ತೆ ಹೊರಡುವ ಆರು ತಿಂಗಳು. ಪತಿ ಅದೇ ಹಿಮ್ಮೇಳದಲ್ಲಿ ಇದ್ದುದು ಇದನ್ನೆಲ್ಲ ಸಾಧ್ಯ ಮಾಡಿತು ಎಂಬುದು ನಿಜ. ಪದ್ಯ ಹೇಳಿದ್ದು ಮಾತ್ರ ಲೀಲಾವತಿ ಅವರೇ. ಕಪ್ಪು ಮೂರೋ ನಾಲ್ಕೋ, ಬೆಳಗಿನ ಜಾವದ ಮೂರು ಗಂಟೆಗೆ ಸ್ವರ ಒಡೆಯದೆ ನಿಲ್ಲಿಸುವುದರಲ್ಲಿ ಯಾರೂ ಯಾರಿಗೂ ಸಹಾಯ ಮಾಡಲಾರರು.

ಚಂಡೆ ಗುಡುಗುತ್ತದೆ. ತೂಗುತ್ತಿದ್ದ ತಲೆಗಳೆಲ್ಲ ಒಮ್ಮೆಗೇ ಎದ್ದು ಕೂರುತ್ತವೆ. ವ್ಯೂಹದ ಬಾಗಿಲಿಗೆ ಅಭಿಮನ್ಯು ಬಂದಿದ್ದಾನೆ. ಈಗ ಪದ್ಯಕ್ಕೂ ಪದ್ಯಕ್ಕೂ ನಡುವೆ ಮಾತು ಕಡಿಮೆ. ಜಾಗಟೆ ಮತ್ತೆ ಕೈಗೆ ಬಂದಿದೆ, ಕೋಲಿನ ಪೆಟ್ಟು ಒಂದರ ಹಿಂದೊಂದು. ಕಾಲ ಏರುತ್ತಿದೆ. ಒಬ್ಬೊಬ್ಬ ರಥಿಕನಿಗೂ ಒಂದೊಂದು ಪದ್ಯ, ಒಂದೊಂದು ಕುಣಿತ. ಸೈಂಧವ ಬಾಗಿಲು ಕಟ್ಟುತ್ತಾನೆ. ಕರ್ಣ ಹಿಂದಿನಿಂದ ಬಿಲ್ಲು ಕಡಿಯುತ್ತಾನೆ. ಆ ಹೊತ್ತಿಗೆ ಭಾಗವತರ ಸ್ವರ ಮೊದಲ ಪದ್ಯದಲ್ಲಿ ಎಲ್ಲಿತ್ತೋ ಅಲ್ಲಿಯೇ ಇದೆ, ತುಸು ಒರಟಾಗಿದೆ. ಯುದ್ಧಕ್ಕೆ ಆ ಒರಟುತನ ಸಲ್ಲುತ್ತದೆ. ಅನುಭವಿಗಳು ಕಂಠವನ್ನು ಹೀಗೆ ಹಂಚಿಕೊಳ್ಳುತ್ತಾರೆ: ಸಂಜೆಯ ನುಣುಪನ್ನು ಒಡ್ಡೋಲಗಕ್ಕೆ, ನಡುರಾತ್ರಿಯ ಹದವನ್ನು ಕರುಣಕ್ಕೆ, ಬೆಳಗಿನ ಜಾವದ ಬಿರುಸನ್ನು ಕಾಳಗಕ್ಕೆ.

ಪೂರ್ವದಲ್ಲಿ ಬೆಳಕು ಕಾಣುವಾಗ ಭೂಪಾಳಿ ಕೇಳುತ್ತದೆ. ನಂತರ ಮಂಗಳ. ಡೇರೆಯ ಹಗ್ಗ ಬಿಚ್ಚುವವರು ಆಗಲೇ ಗೂಟ ಕೀಳುತ್ತಿದ್ದಾರೆ. ಜನ ಬದು ಹಿಡಿದು ಮನೆಗೆ ನಡೆಯುತ್ತಾರೆ. ಪಕ್ಕದ ಕುರ್ಚಿಯವರು ಕಂಬಳಿ ಮಡಚುತ್ತಾ, ನಾಳೆ ಮೇಳ ಯಾವ ಊರಿನಲ್ಲಿ ಎಂದು ವಿಚಾರಿಸುತ್ತಿದ್ದಾರೆ.

ಈಗ ಮಳೆಗಾಲಕ್ಕೆ ಬನ್ನಿ. ಪತ್ತನಾಜೆ ಕಳೆದಿದೆ, ಮೇಳಗಳು ಗೆಜ್ಜೆ ಬಿಚ್ಚಿವೆ. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಬೀಳುತ್ತಿರುವ ಒಂದು ಜಗಲಿ. ಚಾಪೆಯ ಮೇಲೆ ಏಳೆಂಟು ಮಕ್ಕಳು. ತಿರುಗಾಟ ಬಿಟ್ಟ ಮೇಲೆ ಬೈಪಾಡಿತ್ತಾಯ ದಂಪತಿಯ ಬದುಕು ಹೆಚ್ಚಾಗಿ ನಡೆದದ್ದು ಇಂಥ ಚಾಪೆಗಳ ಎದುರಿನಲ್ಲಿ. ಧರ್ಮಸ್ಥಳದ ಲಲಿತ ಕಲಾ ಕೇಂದ್ರದಲ್ಲಿ ಕಲಿಸಿದರು, ಬಜಪೆ ಬಳಿಯ ತಲಕಳದಲ್ಲಿ ನೆಲೆನಿಂತು ಕಲಿಸಿದರು. ಪತಿಯದು ಚಂಡೆ ಮದ್ದಳೆಯ ಪಾಠ, ಲೀಲಾವತಿ ಅವರದು ಭಾಗವತಿಕೆ. ಹಿಮ್ಮೇಳ ಇಡಿಯಾಗಿ ಒಂದೇ ಮನೆಯಲ್ಲಿ ಸಿಗುವ ಏರ್ಪಾಡು.

ಭಾಗವತಿಕೆಯ ಪಾಠಕ್ಕೆ ಕುಳಿತ ಮಗುವಿಗೆ ಮೊದಲ ದಿನ ರಾಗ ಸಿಗುವುದಿಲ್ಲ. ಸಿಗುವುದು ತೊಡೆಯ ಮೇಲೆ ಬಡಿಯುವ ತಾಳ. ರೂಪಕಕ್ಕೆ ಆರು, ತ್ರಿವುಡೆಗೆ ಏಳು, ಝಂಪೆಗೆ ಹತ್ತು, ಅಷ್ಟಕ್ಕೆ ಹದಿನಾಲ್ಕು. ಬಾಯಲ್ಲಿ ಎಣಿಕೆ, ಕೈಯಲ್ಲಿ ಪೆಟ್ಟು. ಎಣಿಕೆ ಬಾಯಿ ಬಿಟ್ಟು ಕೈಗೆ ಇಳಿಯುವವರೆಗೆ ಮುಂದಿನ ಪಾಠವಿಲ್ಲ. ಕೈ ತಾನಾಗಿ ನಡೆಯತೊಡಗಿದ ಮೇಲೆ ಬಾಯಿಗೆ ಪದ್ಯ ಬರುತ್ತದೆ, ಮೊದಲು ಓದಿನಂತೆ, ಆಮೇಲೆ ತಾಳದಲ್ಲಿ, ಕೊನೆಗೆ ರಾಗದಲ್ಲಿ. ಅಷ್ಟಾಗುವಾಗ ಒಂದು ಮಳೆಗಾಲ ಕಳೆದಿರುತ್ತದೆ. ತಾಳವಿಲ್ಲದ ಭಾಮಿನಿ, ಕಂದ, ವೃತ್ತಗಳು ಬೇರೆಯೇ ಪಾಠ. ಅಲ್ಲಿ ಹಿಡಿದುಕೊಳ್ಳಲು ಪೆಟ್ಟಿಲ್ಲ, ಮಾತಿನ ಅರ್ಥವೇ ಕೈಹಿಡಿದು ನಡೆಸಬೇಕು.

ಆ ಮೂಲೆಯ ಹುಡುಗಿಯನ್ನು ನೋಡಿ, ಹನ್ನೊಂದೋ ಹನ್ನೆರಡೋ ವಯಸ್ಸು. ಝಂಪೆಯಲ್ಲಿ ಪದ್ಯ ಹೇಳುತ್ತಿದ್ದಾಳೆ. ಸ್ವರ ಚೆನ್ನಾಗಿದೆ, ಅದು ಅವಳಿಗೂ ಗೊತ್ತಾಗಿದೆ, ಹಾಗಾಗಿ ಮೂರನೆಯ ಸಾಲಿನಲ್ಲಿ ಒಂದು ಗಮಕವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಾಳೆ. ಅಷ್ಟರಲ್ಲಿ ಹತ್ತನೆಯ ಎಣಿಕೆ ದಾಟಿ ಹೋಯಿತು. ಮದ್ದಳೆ ನಿಂತಿತು. ಪದ್ಯ ಮೊದಲಿನಿಂದ. ಮತ್ತೆ ಅದೇ ಜಾಗದಲ್ಲಿ ಗಮಕ, ಮತ್ತೆ ಮೊದಲಿನಿಂದ. ಮೂರನೆಯ ಸಲ ಅವಳು ಗಮಕ ಬಿಟ್ಟು ಅಕ್ಷರ ಹೇಳುತ್ತಾಳೆ, ನೇರವಾಗಿ, ಬಾಯಿ ತುಂಬ. ಆ ಪದದ ಅರ್ಥ ಜಗಲಿಯ ಕೊನೆಯವರೆಗೂ ಕೇಳಿಸುತ್ತದೆ.

ಹುಡುಗರ ಪಾಠದಲ್ಲಿ ಇನ್ನೊಂದು ಕಷ್ಟ ಇದೆ. ಹದಿಮೂರು ಹದಿನಾಲ್ಕಕ್ಕೆ ದನಿ ಒಡೆಯುತ್ತದೆ. ಅಲ್ಲಿಯವರೆಗೆ ಲೀಲಾಜಾಲವಾಗಿ ಏರುತ್ತಿದ್ದ ಸ್ವರ ಒಂದು ದಿನ ಕೈಕೊಡುತ್ತದೆ. ಬುದ್ಧಿವಂತ ಗುರು ಆಗ ಹುಡುಗನ ಕೈಗೆ ತಾಳ ಕೊಟ್ಟು, ಪದ್ಯ ಕಂಠಪಾಠ ಮಾಡಿಸಿ, ಕಂಠಕ್ಕೆ ರಜೆ ಕೊಡಬೇಕು. ಹೊಸ ದನಿ ನೆಲೆಗೊಂಡ ಮೇಲೆ ಹೊಸ ಶ್ರುತಿ ಹುಡುಕಬೇಕು. ಹುಡುಗಿಯರಿಗೆ ಈ ತೊಡಕು ಅಷ್ಟಿಲ್ಲ. ಅವರಿಗೆ ಇದ್ದ ತೊಡಕು ಬೇರೆ: ಕಲಿತ ಮೇಲೆ ಎಲ್ಲಿ ಹೇಳುವುದು? ಹೆಣ್ಣುಮಗು ಶಾಲೆಯ ವಾರ್ಷಿಕೋತ್ಸವದಲ್ಲಿ ನಾಲ್ಕು ಪದ್ಯ ಹೇಳಿ, ಬಹುಮಾನ ತೆಗೆದುಕೊಂಡು, ಮದುವೆಯಾಗಿ ಮರೆತುಬಿಡುವುದು ವಾಡಿಕೆ. ಈ ಜಗಲಿಯಲ್ಲಿ ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಕಾಗಿರಲಿಲ್ಲ. ಎದುರಿಗೆ ಕುಳಿತು ಕಲಿಸುತ್ತಿದ್ದವರು ಮದುವೆಯಾದ ಮೇಲೆ ಕಲಿತವರು, ಮಕ್ಕಳನ್ನು ಹೆತ್ತು ತಿರುಗಾಟ ಮಾಡಿದವರು.

2023ರಲ್ಲಿ ಕರ್ನಾಟಕ ಸರ್ಕಾರ ಲೀಲಾವತಿ ಬೈಪಾಡಿತ್ತಾಯರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ಅವರಿಗೆ ಆಗ ಎಪ್ಪತ್ತಾರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಮೇಳಗಳು ತಿರುಗಾಟಕ್ಕೆ ಹೊರಟು ಕೆಲವೇ ವಾರ ಆಗಿದ್ದ ಕಾಲ. ಪ್ರಶಸ್ತಿ ಇನ್ನೂ ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು. ಅವ್ವಂದಿರು ಮನೆಯಲ್ಲಿ ಹೆಣ್ಣುಮಕ್ಕಳಿಗೆ ತೋರಿಸಿ ಹೇಳಲು ಒಂದು ಹೆಸರು ಆಗಲೇ ಸಿಗುತ್ತಿತ್ತು.

ಇಂದು ಕರಾವಳಿಯಲ್ಲಿ ಆಟದ ಭಿತ್ತಿಪತ್ರ ನೋಡಿದರೆ ಭಾಗವತರ ಸಾಲಿನಲ್ಲಿ ಕಾವ್ಯಶ್ರೀ ನಾಯಕ್ ಆಜೇರು, ಅಮೃತಾ ಅಡಿಗ, ಭವ್ಯಶ್ರೀ ಕುಲ್ಕುಂದ ಅವರಂಥವರ ಹೆಸರು ಕಾಣುತ್ತದೆ. ಪದ್ಯ ಹೇಳುವುದು ಹೆಂಗಸರಲ್ವಾ ಎಂದು ಪಕ್ಕದವರು ಈಗ ಕೇಳುವುದಿಲ್ಲ. ಯಾವ ಪದ್ಯಕ್ಕೆ ಯಾವ ರಾಗ ಹಾಕಿದರು ಎಂದು ಚರ್ಚೆ ಮಾಡುತ್ತಾರೆ, ಮೊಬೈಲಿನಲ್ಲಿ ಮತ್ತೆ ಹಾಕಿ ಕೇಳುತ್ತಾರೆ. ಆದರೂ ಹರಕೆಯ ಆಟ ಆಡುವ ದೊಡ್ಡ ಮೇಳಗಳಲ್ಲಿ, ಆರು ತಿಂಗಳು ಎಡೆಬಿಡದೆ ತಿರುಗುವ ಕಡೆ, ಪ್ರಧಾನ ಭಾಗವತರು ಬಹುಮಟ್ಟಿಗೆ ಗಂಡಸರೇ. ಹೆಣ್ಣು ಕಂಠಗಳಿಗೆ ಸಿಗುವುದು ಹೆಚ್ಚಾಗಿ ಮೂರು ಗಂಟೆಯ ಕಾಲಮಿತಿ ಆಟ, ಗಾನವೈಭವ, ತಾಳಮದ್ದಳೆ. ಅವುಗಳಲ್ಲಿ ಪದ್ಯ ಹೇಳಬಹುದು, ಹೆಸರೂ ಮಾಡಬಹುದು. ಸಾವಿರ ರಾತ್ರಿ ರಂಗ ನಡೆಸಿದ ಮೇಲೆ ಬರುವ ನಡೆ, ಯಾವ ವೇಷಧಾರಿಗೆ ಎಷ್ಟು ಹೊತ್ತು ಬಿಡಬೇಕು ಎಂಬ ಅಂದಾಜು, ಅಲ್ಲಿ ಕಲಿಯಲು ಸಿಗುವುದಿಲ್ಲ. ಅದಕ್ಕೆ ತಿರುಗಾಟವೇ ಬೇಕು. ಮೇಳದ ಬಸ್ಸಿನಲ್ಲಿ ಒಂದು ಸೀಟು, ಬಿಡಾರದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಪೂರ್ವರಂಗದಲ್ಲಿ ಆ ಹುಡುಗನಿಗೆ ಕೊಟ್ಟಂತೆ ಒಂದು ಹುಡುಗಿಗೂ ಒಂದು ಗಂಟೆ. ಮೇಳದ ಯಜಮಾನರು ಮನಸ್ಸು ಮಾಡಿದರೆ ಮುಂದಿನ ದೀಪಾವಳಿಗೇ ಶುರು ಮಾಡಬಹುದಾದ ಕೆಲಸ ಇದು.